ಪ್ರಾಯೋಜಕರ ಹಣ, ಕಲಾವಿದರ ಹಂಗು

ಸಮಕಾಲೀನ ಕಲೆಗೆ ಕಂಪನಿಗಳು ನೀಡುವ ಹಣ, ಪ್ರಶಸ್ತಿ ಮತ್ತು ಸಹಯೋಗಗಳ ಕುರಿತು ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಹಿಂದೆ ಅರಸರೂ ಮಠಮಂದಿರಗಳೂ ಕಲಾವಿದರನ್ನು ಸಾಕುತ್ತಿದ್ದವು. ಇಂದು ಆ ಸ್ಥಾನದಲ್ಲಿ ಕಂಪನಿಗಳಿವೆ. ರಾಜಾಶ್ರಯವನ್ನು ಕೊಂಡಾಡುವ ನಾವು ಪ್ರದರ್ಶನದ ಗೋಡೆಯಲ್ಲಿ ಕಂಪನಿಯ ಲೋಗೋ ಕಂಡೊಡನೆ ಮುಖ ಸಿಂಡರಿಸುವುದೇಕೆ? (ಚಿತ್ರಕಲಾ ಶಿಕ್ಷಕರು, ಶಿವಮೊಗ್ಗ)

ಉತ್ತರ: ನಿಮ್ಮ ಮಾತಿನ ಮೊದಲರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಉಳ್ಳವರ ಆಶ್ರಯವಿಲ್ಲದೆ ನಮ್ಮ ನಾಡಿನ ದೊಡ್ಡ ಕಲಾಕೃತಿಗಳು ಹುಟ್ಟಲಿಲ್ಲ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯ ಎದ್ದು ನಿಂತದ್ದು ಅರಸೊತ್ತಿಗೆಯ ಸಂಪತ್ತಿನಿಂದಲೇ. ಆದರೂ ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಕೊರೆಯಲ್ಪಟ್ಟಿವೆ. ಕೊಟ್ಟವನ ಹೆಸರು ಶಾಸನದಲ್ಲಿ, ಕಡೆದವನ ಹೆಸರು ಶಿಲ್ಪದ ಬುಡದಲ್ಲಿ ಎಂಬ ಆ ಏರ್ಪಾಡಿನ ಘನತೆ ನನ್ನನ್ನು ಪ್ರತಿ ಸಲ ಬೇಲೂರಿಗೆ ಹೋದಾಗಲೂ ನಿಲ್ಲಿಸಿ ನೋಡುವಂತೆ ಮಾಡಿದೆ.

ಆದರೆ ಇಂದಿನ ಪ್ರಾಯೋಜಕತ್ವವನ್ನು ರಾಜಾಶ್ರಯದ ಮುಂದುವರಿಕೆ ಎಂದು ತಿಳಿಯುವುದು ಸರಿಯಲ್ಲ. ಅರಸನಿಗೆ ಬೇಕಾಗಿದ್ದುದು ಕೃತಿ. ಅದರಿಂದ ತನಗೆ ಪುಣ್ಯವೋ ಕೀರ್ತಿಯೋ ಬರಬೇಕೆಂಬ ಆಸೆಯನ್ನು ಅವನು ಮುಚ್ಚಿಡಲಿಲ್ಲ. ಪ್ರಾಯೋಜಕ ಕಂಪನಿಗೆ ಸಾಮಾನ್ಯವಾಗಿ ಕೃತಿಯೇ ಬೇಕಾಗಿರುವುದಿಲ್ಲ. ಕೃತಿಯ ಪಕ್ಕದಲ್ಲಿ ನಿಲ್ಲುವ ಅವಕಾಶ ಬೇಕಾಗಿರುತ್ತದೆ. 1969ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕುನ್ಸ್ಟ್‌ಹಾಲೆ ಎಂಬ ಕಲಾ ಪ್ರದರ್ಶನಾಲಯದಲ್ಲಿ ಹರಾಲ್ಡ್ ಝೇಮನ್ ಏರ್ಪಡಿಸಿದ ಪ್ರದರ್ಶನವನ್ನು ನೆನೆಯಿರಿ. ಅಲ್ಲಿ ಒಬ್ಬ ಕಲಾವಿದ ಕಟ್ಟಡದ ಮುಂದಿನ ಕಾಲುದಾರಿಯನ್ನು ಭಾರವಾದ ಗುಂಡಿನಿಂದ ಒಡೆಸಿದ, ಇನ್ನೊಬ್ಬ ಗೋಡೆಯ ಗಾರೆಯನ್ನು ಚೌಕಾಕಾರವಾಗಿ ಕೆತ್ತಿ ತೆಗೆದ, ಮತ್ತೊಬ್ಬ ಮೂಲೆಗಳಿಗೆ ಕೊಬ್ಬನ್ನು ಮೆತ್ತಿದ. ಕೊಂಡು ಮನೆಗೆ ಒಯ್ಯಲಾಗದ ಇಂಥ ಕೃತಿಗಳ ಪ್ರದರ್ಶನಕ್ಕೆ ಹಣ ಕೊಟ್ಟದ್ದು ಫಿಲಿಪ್ ಮಾರಿಸ್ ಎಂಬ ಸಿಗರೇಟು ಕಂಪನಿ. ಕಂಪನಿಗೆ ಗಾರೆಯ ಚೌಕ ಬೇಕಿರಲಿಲ್ಲ. ಹೊಸತನ, ಧೈರ್ಯ, ಯೌವನ ಎಂಬ ಮಾತುಗಳ ಜೊತೆ ತನ್ನ ಹೆಸರೂ ಕೇಳಿಬರಬೇಕಿತ್ತು. ಆ ಪ್ರದರ್ಶನ ಕಲೆಯ ಚರಿತ್ರೆಯಲ್ಲಿ ಉಳಿದಿದೆ, ಆ ಹಣವಿಲ್ಲದೆ ಅದು ಅಷ್ಟು ದೊಡ್ಡದಾಗಿ ನಡೆಯುತ್ತಿರಲಿಲ್ಲ. ಸಿಗರೇಟಿನ ಹೆಸರಿಗೂ ಅದರಿಂದ ಗೌರವ ಬಂತು. ಈ ಎರಡೂ ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಂಡೇ ನಾವು ಮಾತನಾಡಬೇಕು.

ನಮ್ಮಲ್ಲಿ ಎಲ್ಲ ಬಗೆಯ ಹಣವನ್ನೂ ‘ಸಹಾಯ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದು ಗೊಂದಲಕ್ಕೆ ಕಾರಣ. ದಾನ ಬೇರೆ, ಪ್ರಾಯೋಜಕತ್ವ ಬೇರೆ, ಕೃತಿಯನ್ನು ಮಾಡಿಸಿಕೊಳ್ಳುವುದು ಬೇರೆ. ದಾನಿ ತನ್ನ ಹೆಸರನ್ನು ಕಟ್ಟಡದ ಮೇಲೆ ಬರೆಸಿಕೊಳ್ಳಬಹುದು, ಆದರೆ ವರ್ಷವರ್ಷವೂ ಲೆಕ್ಕ ಕೇಳುವುದಿಲ್ಲ. ಪ್ರಾಯೋಜಕರ ಹಣ ಹೆಚ್ಚಾಗಿ ಪ್ರಚಾರದ ಖಾತೆಯಿಂದ ಬರುತ್ತದೆ. ಅದಕ್ಕೆ ಎಷ್ಟು ಜನ ಬಂದರು, ಎಷ್ಟು ಕಡೆ ಹೆಸರು ಕಂಡಿತು ಎಂಬ ಲೆಕ್ಕ ಒಪ್ಪಿಸಬೇಕು. ಮುಖ ಸಿಂಡರಿಸುವ ಬದಲು, ಇದು ಈ ಮೂರರಲ್ಲಿ ಯಾವುದು, ಇದರ ಹಂಗು ಎಲ್ಲಿಯವರೆಗೆ ಚಾಚುತ್ತದೆ ಎಂದು ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು.

ಪ್ರಶ್ನೆ: ನಾನು ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಟೇಟ್ ಸಂಗ್ರಹಾಲಯಕ್ಕೆ ತೈಲ ಕಂಪನಿ ಬಿಪಿ ಹಣ ಕೊಡುವುದನ್ನು ವಿರೋಧಿಸಿ ವರ್ಷಗಟ್ಟಲೆ ಪ್ರತಿಭಟನೆ ನಡೆಯಿತು. ಕೊನೆಗೆ ಸಾಧಿಸಿದ್ದೇನು? ಆ ಹಣವಿಲ್ಲದೆ ಜನರಿಗೆ ಉಚಿತ ಪ್ರವೇಶ ದೊರೆಯುತ್ತಿತ್ತೇ?

ಉತ್ತರ: ಸಾಧಿಸಿದ ಬಹು ಮುಖ್ಯ ಸಂಗತಿಯೆಂದರೆ ಲೆಕ್ಕ ಹೊರಬಿದ್ದದ್ದು. ಬಿಪಿ 1990ರಿಂದ ಟೇಟ್‌ಗೆ ಹಣ ಕೊಡುತ್ತಿತ್ತು. ಎಷ್ಟು ಎಂಬುದನ್ನು ಸಂಗ್ರಹಾಲಯ ಹೇಳಲು ಒಪ್ಪಲಿಲ್ಲ. ಮಾಹಿತಿ ಹಕ್ಕಿನ ನ್ಯಾಯಮಂಡಳಿಯವರೆಗೆ ಹೋಗಿ ಹೋರಾಡಿದ ಮೇಲೆ, 2015ರ ಜನವರಿಯಲ್ಲಿ 1990ರಿಂದ 2006ರವರೆಗಿನ ಅಂಕಿಗಳು ಹೊರಬಂದವು: 17 ವರ್ಷಗಳಲ್ಲಿ ಒಟ್ಟು 38 ಲಕ್ಷ ಪೌಂಡು, ಅಂದರೆ ವರ್ಷಕ್ಕೆ ಸರಾಸರಿ 2,24,000 ಪೌಂಡು. ಸಾಮಾನ್ಯನಿಗೆ ಇದು ದೊಡ್ಡ ಮೊತ್ತವೇ. ಆದರೆ ಅಂಥ ಸಂಸ್ಥೆಯ ವಾರ್ಷಿಕ ವೆಚ್ಚದಲ್ಲಿ ಇದು ಸಣ್ಣ ಪಾಲು. ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಸಂಗ್ರಹಗಳಿಗೆ ಉಚಿತ ಪ್ರವೇಶ ಇರುವುದು ಮುಖ್ಯವಾಗಿ ಅಲ್ಲಿನ ತೆರಿಗೆದಾರರ ಹಣದಿಂದ. ಇಷ್ಟು ಕಡಿಮೆ ಬೆಲೆಗೆ ಅಷ್ಟು ದೊಡ್ಡ ಗೌರವ ಮಾರಾಟವಾಗುತ್ತಿತ್ತು ಎಂಬುದು ಪ್ರತಿಭಟಿಸಿದವರಿಗೂ ಅಚ್ಚರಿ ತಂದಿರಬೇಕು.

2010ರ ಜನವರಿಯಲ್ಲಿ ಕಲೆ ಮತ್ತು ಹೋರಾಟದ ಕುರಿತು ಟೇಟ್ ತಾನೇ ಒಂದು ಕಾರ್ಯಾಗಾರ ಏರ್ಪಡಿಸಿ, ಸಂಗ್ರಹಾಲಯದ ಪ್ರಾಯೋಜಕರ ವಿರುದ್ಧ ಏನನ್ನೂ ಮಾಡಕೂಡದು ಎಂದು ನಡೆಸಿಕೊಡುವವರಿಗೆ ಸೂಚಿಸಿತು. ಆ ಸೂಚನೆಯಿಂದಲೇ ‘ಲಿಬರೇಟ್ ಟೇಟ್’ ಎಂಬ ಗುಂಪು ಹುಟ್ಟಿತು. ಅದೇ ವರ್ಷದ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿಗಾಗಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ವೇದಿಕೆ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು, ತಿಂಗಳುಗಟ್ಟಲೆ ಎಣ್ಣೆ ಸಮುದ್ರಕ್ಕೆ ಹರಿಯಿತು. ಆ ನಂತರ ಕಲಾವಿದರು ಕಲೆಯ ಭಾಷೆಯಲ್ಲೇ ಉತ್ತರ ಕೊಟ್ಟರು. ಸಂಗ್ರಹಾಲಯದ ನೆಲದ ಮೇಲೆ ಕಪ್ಪು ದ್ರವ ಚೆಲ್ಲಿದರು. 2012ರಲ್ಲಿ ಹದಿನಾರೂವರೆ ಮೀಟರ್ ಉದ್ದದ ಗಾಳಿಯಂತ್ರದ ರೆಕ್ಕೆಯನ್ನು ನೂರಕ್ಕೂ ಹೆಚ್ಚು ಜನ ಹೊತ್ತು ತಂದು, ಟೇಟ್ ಮಾಡರ್ನ್‌ನ ಟರ್ಬೈನ್ ಸಭಾಂಗಣದಲ್ಲಿ ಇರಿಸಿ, ಅದನ್ನು ರಾಷ್ಟ್ರೀಯ ಸಂಗ್ರಹಕ್ಕೆ ಕಾಣಿಕೆಯಾಗಿ ಸ್ವೀಕರಿಸಬೇಕೆಂದು ಕೇಳಿದರು. ಒಪ್ಪಂದ ಮುಗಿಯುತ್ತದೆಂಬ ಸುದ್ದಿ 2016ರಲ್ಲಿ ಬಂತು, 2017ರಲ್ಲಿ ಅದು ಮುಗಿಯಿತು. ಕಂಪನಿ ತನ್ನ ವ್ಯಾಪಾರದ ಕಷ್ಟವನ್ನು ಕಾರಣವಾಗಿ ಹೇಳಿತೇ ಹೊರತು ಪ್ರತಿಭಟನೆಯನ್ನಲ್ಲ. ಇದರಿಂದ ಎಲ್ಲವೂ ಬದಲಾಯಿತೆಂದು ಹೇಳಲಾರೆ: 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಇದೇ ಬಿಪಿಯಿಂದ ಹತ್ತು ವರ್ಷಗಳಿಗೆ 5 ಕೋಟಿ ಪೌಂಡು ಪಡೆಯುವ ಒಪ್ಪಂದವನ್ನು ಪ್ರಕಟಿಸಿತು.

ಭಾರತೀಯರಾದ ನಾವು ಅದೇ ಟರ್ಬೈನ್ ಸಭಾಂಗಣದ ಇನ್ನೊಂದು ಹೆಸರನ್ನೂ ಗಮನಿಸಬೇಕು. 2000ದಿಂದ 2012ರವರೆಗೆ ಅಲ್ಲಿನ ಬೃಹತ್ ಪ್ರತಿಷ್ಠಾಪನಾ ಕಲಾಕೃತಿಗಳ (ಇನ್‌ಸ್ಟಲೇಶನ್) ಮಾಲೆ ಯೂನಿಲಿವರ್ ಕಂಪನಿಯ ಹೆಸರಿನಲ್ಲಿ ನಡೆಯಿತು. ಲೂಯಿ ಬೂರ್ಜ್ವಾ, ಅನೀಶ್ ಕಪೂರ್, ಓಲಾಫುರ್ ಎಲಿಯಾಸನ್, ಆಯ್ ವೇವೇ ಅವರ ಕೃತಿಗಳು ಬಂದವು. ಎಲಿಯಾಸನ್ನರ ಕೃತಕ ಸೂರ್ಯನ ಕೆಳಗೆ ಜನರು ನೆಲದ ಮೇಲೆ ಮಲಗಿ ಚಾವಣಿಯ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ಆ ಕೃತಿಗಳ ದೊಡ್ಡತನದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾಲೆ ಆರಂಭವಾದ ಮರುವರ್ಷ, 2001ರಲ್ಲಿ, ಅದೇ ಬಳಗದ ಭಾರತೀಯ ಕಂಪನಿಯ ಕೊಡೈಕೆನಾಲ್ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಮಾಲಿನ್ಯದ ಕಾರಣ ಮುಚ್ಚಿತು. ಅಲ್ಲಿ ದುಡಿದ 591 ಮಂದಿಯ ಜೊತೆ ಕಂಪನಿ ರಾಜಿಗೆ ಬಂದದ್ದು 2016ರಲ್ಲಿ. ಲಂಡನ್ನಿನಲ್ಲಿ ಆ ಕೃತಕ ಸೂರ್ಯನಿಗಾಗಿ ಪ್ರಾಯೋಜಕರಿಗೆ ಕೃತಜ್ಞತೆ ಸಲ್ಲುತ್ತಿದ್ದಾಗ ಕೊಡೈಕೆನಾಲಿನ ಕಾರ್ಮಿಕರು ಉತ್ತರಕ್ಕಾಗಿ ಕಾಯುತ್ತಿದ್ದರು. ಕೃತಿಯನ್ನು ಇದಕ್ಕಾಗಿ ದೂಷಿಸಲಾರೆ. ಆದರೆ ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆಯುವ ಹೊಣೆ ಕಲೆಯ ಬಗ್ಗೆ ಬರೆಯುವ ನಮ್ಮಂಥವರದು.

ಪ್ರಶ್ನೆ: ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವುದನ್ನು ಕಲಾವಿದರು ವಿರೋಧಿಸಿದ್ದು ಸರಿಯೇ? ಸರ್ಕಾರ ನೋಡಿಕೊಳ್ಳದೆ ಸೋರುತ್ತಿರುವ ಕಟ್ಟಡವನ್ನು ಯಾರಾದರೂ ಚೆಂದ ಮಾಡಿದರೆ ತಪ್ಪೇನು? (ಮೈಸೂರು)

ಉತ್ತರ: ಚೆಂದ ಮಾಡುವುದು ತಪ್ಪಲ್ಲ. ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಡಿ 2015ರಲ್ಲಿ ಒಪ್ಪಂದವಾದಾಗ, ಮರುವರ್ಷ ಬೀದಿಗಿಳಿದ ಕಲಾವಿದರು ಕೇಳಿದ್ದು ಸುಣ್ಣಬಣ್ಣದ ಪ್ರಶ್ನೆಯನ್ನಲ್ಲ. ತಮ್ಮೊಡನೆ ಮಾತನಾಡದೆ ಒಪ್ಪಂದ ಆಗಿದ್ದೇಕೆ, ಅಲ್ಲಿ ಏನು ಪ್ರದರ್ಶನವಾಗಬೇಕೆಂಬುದನ್ನು ಇನ್ನು ಮುಂದೆ ಯಾರು ನಿರ್ಧರಿಸುತ್ತಾರೆ, ಕಡಿಮೆ ಬಾಡಿಗೆಗೆ ಮೊದಲ ಪ್ರದರ್ಶನ ಮಾಡುವ ಹಳ್ಳಿಗಾಡಿನ ಹುಡುಗ ಹುಡುಗಿಯರಿಗೆ ಅಲ್ಲಿ ಜಾಗ ಉಳಿಯುತ್ತದೆಯೇ ಎಂದು ಕೇಳಿದರು. ಮೈಸೂರು ಅರಮನೆಯ ಆಶ್ರಯದಲ್ಲಿದ್ದೂ ತನ್ನ ಸ್ವಾಭಿಮಾನವನ್ನು ಕಟುವಾಗಿ ಕಾಯ್ದುಕೊಂಡ ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಹೆಸರಿನ ಗ್ಯಾಲರಿಯಲ್ಲಿ ಆ ಪ್ರಶ್ನೆಗಳು ಎದ್ದದ್ದು ಸೂಕ್ತವಾಗಿಯೇ ಇತ್ತು. ಆ ಪ್ರಸ್ತಾಪ ಕೊನೆಗೆ ಕಾರ್ಯರೂಪಕ್ಕೆ ಬರಲಿಲ್ಲ.

ಮುಂದೆ ನಡೆದದ್ದನ್ನೂ ಹೇಳಬೇಕು. ಆ ಗ್ಯಾಲರಿ ಇರುವ ಕಸ್ತೂರಬಾ ರಸ್ತೆಯಲ್ಲೇ, ಸ್ವಲ್ಪ ದೂರದಲ್ಲಿ, 2023ರ ಫೆಬ್ರುವರಿಯಲ್ಲಿ ‘ಮ್ಯಾಪ್’ ಎಂದು ಕರೆಯಲಾಗುವ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಖಾಸಗಿ ಹಣದಿಂದಲೇ ಕಟ್ಟಿದ ಸ್ವಂತ ಕಟ್ಟಡದಲ್ಲಿ ತೆರೆದುಕೊಂಡಿತು. ನಾನು ಅಲ್ಲಿಗೆ ಸಂತೋಷದಿಂದ ಹೋಗುತ್ತೇನೆ. ಖಾಸಗಿಯವರು ತಮ್ಮ ಸಂಗ್ರಹವನ್ನು ಜನರಿಗೆ ತೆರೆಯುವುದು ನಾಡಿಗೆ ಲಾಭ. ಜನರ ಸಂಗ್ರಹದ ಬಾಗಿಲಿನ ಕೀಲಿಯನ್ನು ಖಾಸಗಿಯವರ ಕೈಗೆ ಕೊಡುವುದು ಬೇರೆಯೇ ವಿಷಯ. ನೀವು ಹೇಳಿದ ಸೋರುವ ಚಾವಣಿಯ ವಿಷಯದಲ್ಲಿ ಸರ್ಕಾರವನ್ನು ನಾನು ಸಮರ್ಥಿಸುವುದಿಲ್ಲ. ಅದನ್ನು ದುರಸ್ತಿ ಮಾಡಿಸುವುದು ಸರ್ಕಾರದ ಕರ್ತವ್ಯ, ಅದಕ್ಕೆ ಯಾರ ಹಣವನ್ನಾದರೂ ಪಡೆಯಬಹುದು. ಆದರೆ ದುರಸ್ತಿಯ ಒಪ್ಪಂದ ದುರಸ್ತಿಯಲ್ಲೇ ನಿಲ್ಲಬೇಕು. ಕೃತಿಗಳ ಆಯ್ಕೆಯವರೆಗೆ ಹೋಗಬಾರದು.

ಪ್ರಶ್ನೆ: ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ. ನಾವು ಕೆಲವು ಗೆಳೆಯರು ಸೇರಿ ನಡೆಸುವ ಕಲಾಸ್ಥಳಕ್ಕೆ ಈ ಸಿಎಸ್‌ಆರ್ ಹಣ ಕೇಳಿದರೆ ‘ನಿಮ್ಮದು ಪಟ್ಟಿಯಲ್ಲಿ ಬರುವುದಿಲ್ಲ’ ಎನ್ನುತ್ತಾರೆ. ನಿಜವೇ? (ಬೆಂಗಳೂರು)

ಉತ್ತರ: ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳಿಗೆ ಅದು ಅನ್ವಯಿಸುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಅವು ಏಳನೇ ಅನುಸೂಚಿಯಲ್ಲಿ ಹೇಳಿದ ಕೆಲಸಗಳಿಗೆ ಖರ್ಚು ಮಾಡಬೇಕು. ಆ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆ, ಚಾರಿತ್ರಿಕ ಕಟ್ಟಡಗಳ ಹಾಗೂ ಕಲಾಕೃತಿಗಳ ಪುನರುದ್ಧಾರ, ಸಾರ್ವಜನಿಕ ಗ್ರಂಥಾಲಯ, ಪಾರಂಪರಿಕ ಕಲೆ ಮತ್ತು ಕೈಕಸುಬುಗಳ ಪ್ರೋತ್ಸಾಹ ಇವೆ. ಓದಿ ನೋಡಿದರೆ, ಅಲ್ಲಿನ ಕ್ರಿಯಾಪದಗಳೆಲ್ಲ ಹಳೆಯದನ್ನು ಕಾಪಾಡುವುದರ ಕಡೆಗೇ ವಾಲುತ್ತವೆ. ಇನ್ನೂ ಹುಟ್ಟದ ಕೃತಿಗೆ, ಅದೂ ಸರಿಯಾಗಿ ಬರುತ್ತದೆಯೋ ಇಲ್ಲವೋ ತಿಳಿಯದ ಪ್ರಯೋಗಕ್ಕೆ, ಅಲ್ಲಿ ನೇರವಾದ ಹೆಸರಿಲ್ಲ. ‘ಕಲೆ ಮತ್ತು ಸಂಸ್ಕೃತಿ’ ಎಂಬ ಮಾತನ್ನು ಉದಾರವಾಗಿ ಓದುವ ಅಧಿಕಾರಿ ಸಿಕ್ಕರೆ ನಿಮಗೆ ದಾರಿ ಇದೆ. ಎಚ್ಚರದ ಅಧಿಕಾರಿ ದೇಗುಲದ ಮಂಟಪವನ್ನೋ ಶಾಲೆಯ ಶೌಚಾಲಯವನ್ನೋ ಆರಿಸಿಕೊಳ್ಳುತ್ತಾನೆ. ಅವನನ್ನು ನಾನು ದೂರುವುದಿಲ್ಲ, ಶೌಚಾಲಯವೂ ಬೇಕಾದದ್ದೇ.

ಇನ್ನೊಂದು ಅಂಶ ನಿಮಗೆ ಅನುಕೂಲವಾದದ್ದು. 2021ರ ಜನವರಿಯಲ್ಲಿ ತಿದ್ದಿದ ನಿಯಮಗಳ ಪ್ರಕಾರ, ತನ್ನ ಸರಕು ಅಥವಾ ಸೇವೆಗೆ ಮಾರುಕಟ್ಟೆಯ ಲಾಭ ಪಡೆಯುವುದಕ್ಕಾಗಿ ಕಂಪನಿಯು ಪ್ರಾಯೋಜಕತ್ವದ ರೂಪದಲ್ಲಿ ನೀಡುವ ಹಣ ಸಿಎಸ್‌ಆರ್ ಎನಿಸಿಕೊಳ್ಳುವುದಿಲ್ಲ. ಅಂದರೆ ಸಿಎಸ್‌ಆರ್ ಖಾತೆಯಿಂದ ಹಣ ಕೊಡುವವರು ತಮ್ಮ ಸರಕಿನ ಮಳಿಗೆಯನ್ನು ನಿಮ್ಮ ಪ್ರದರ್ಶನದ ಬಾಗಿಲಲ್ಲಿ ಇಡಬೇಕೆಂದು ಕೇಳಿದರೆ, ಈ ನಿಯಮವನ್ನು ನೀವು ವಿನಯದಿಂದ ಅವರ ಮುಂದಿಡಬಹುದು. ಹಾಗೆಯೇ, ಕಂಪನಿಗಳ ಬಾಗಿಲನ್ನು ಮಾತ್ರ ತಟ್ಟಬೇಡಿ. 1993ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಿಂದಲೇ ಕೆಲಸ ಮಾಡುತ್ತಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಹಲವರಿಂದ ಹಣ ಸಂಗ್ರಹಿಸಿ ಕಲಾವಿದರಿಗೆ ಅನುದಾನವಾಗಿ ಹಂಚುತ್ತದೆ. ಕೊಡುವವನಿಗೂ ಪಡೆಯುವವನಿಗೂ ನಡುವೆ ಇಂಥದೊಂದು ಸಂಸ್ಥೆ ನಿಂತಾಗ ಹಂಗಿನ ಭಾರ ಬಹಳ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಇಂಥವು ಇನ್ನೂ ಹತ್ತಾದರೂ ಇರಬೇಕಿತ್ತು ಎಂಬ ಕೊರಗು ನನಗಿದೆ.

ಪ್ರಶ್ನೆ: ಕೈಚೀಲದ ಮೇಲೆ, ಕಾರಿನ ಮೇಲೆ ದೊಡ್ಡ ಕಲಾವಿದರು ಚಿತ್ರ ಬಿಡಿಸುತ್ತಾರೆ. ಇದನ್ನು ಸಹಯೋಗ ಎನ್ನುತ್ತಾರೆ. ಇದು ಕಲೆಯೇ, ಜಾಹೀರಾತೇ? (ಕಲಾ ವಿದ್ಯಾರ್ಥಿನಿ, ಉಡುಪಿ)

ಉತ್ತರ: ಎರಡೂ ಆಗಬಹುದು. ಬಿಎಂಡಬ್ಲ್ಯು ಕಾರುಗಳ ಮೇಲೆ ಕಲಾವಿದರಿಂದ ಚಿತ್ರ ಬರೆಸುವ ಪರಿಪಾಠ 1975ರಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಅವರಿಂದ ಆರಂಭವಾಯಿತು. ಆ್ಯಂಡಿ ವಾರ್ಹಾಲ್ 1979ರಲ್ಲಿ ಅರ್ಧ ಗಂಟೆಯೊಳಗೆ ತಮ್ಮ ಕೈಯಿಂದಲೇ ಬಣ್ಣ ಬಳಿದ ಕಾರು ಫ್ರಾನ್ಸಿನ ಲ ಮಾನ್ ಕಾರ್ ಪಂದ್ಯದಲ್ಲಿ ಓಡಿ ಆರನೆಯದಾಗಿ ಬಂತು. ತಕಾಶಿ ಮುರಕಾಮಿ 2003ರಲ್ಲಿ ಲೂಯಿ ವಿಟಾನ್ ಕೈಚೀಲಗಳಿಗೆ ವಿನ್ಯಾಸ ಮಾಡಿದರು. 2007ರಲ್ಲಿ ಲಾಸ್ ಏಂಜಲೀಸ್‌ನ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ಅವರ ಪ್ರದರ್ಶನ ನಡೆದಾಗ ಆ ಕೈಚೀಲಗಳನ್ನು ನಿಜವಾಗಿ ಮಾರುವ ಅಂಗಡಿ ಪ್ರದರ್ಶನದ ಒಳಗೇ ಇತ್ತು. ನಮ್ಮೂರಿಗೆ ಸೇರಿದ ಕಥೆಯೂ ಒಂದಿದೆ. 1967ರಲ್ಲಿ ಏರ್ ಇಂಡಿಯಾಕ್ಕಾಗಿ ಸಾಲ್ವದೋರ್ ದಾಲಿ ಹಂಸವೇ ಆನೆಯಾಗಿ ತೋರುವ ಬೂದಿತಟ್ಟೆಯೊಂದನ್ನು ವಿನ್ಯಾಸಗೊಳಿಸಿ, ಪ್ರತಿಫಲವಾಗಿ ಆನೆಮರಿ ಕೇಳಿದರು. ಆ ಮರಿ ಬೆಂಗಳೂರಿನಿಂದ ವಿಮಾನವೇರಿ ಜಿನೀವಾಕ್ಕೆ, ಅಲ್ಲಿಂದ ಸ್ಪೇನಿಗೆ ಹೋಯಿತು. ಇದನ್ನು ಎಲ್ಲರೂ ಸ್ವಾರಸ್ಯದ ಪ್ರಸಂಗವೆಂದು ಹೇಳುತ್ತಾರೆ. ತಾಯಿಯಿಂದ ದೂರವಾದ ಆ ಮರಿಯ ಪಾಡನ್ನು ನೆನೆದರೆ ನನಗೆ ಅದರಲ್ಲಿ ಸ್ವಾರಸ್ಯ ಕಾಣುವುದಿಲ್ಲ.

ಆದರೆ ಸಹಯೋಗ ಎಂಬ ಮಾತು ಇದಕ್ಕಿಂತ ಗಂಭೀರವಾದ ಅರ್ಥಕ್ಕೆ ಯೋಗ್ಯವಾದದ್ದು, ಆ ಅರ್ಥದಲ್ಲಿ ಕೆಲಸ ಮಾಡಿದವರೂ ಇದ್ದಾರೆ. 1966ರಲ್ಲಿ ಬ್ರಿಟನ್ನಿನಲ್ಲಿ ಬಾರ್ಬರಾ ಸ್ಟೆವೆನಿ, ಜಾನ್ ಲೇಥಮ್ ಮೊದಲಾದವರು ಕಟ್ಟಿದ ಆರ್ಟಿಸ್ಟ್ ಪ್ಲೇಸ್‌ಮೆಂಟ್ ಗ್ರೂಪ್, ಕಲಾವಿದರನ್ನು ಕಾರ್ಖಾನೆ, ಕಚೇರಿಗಳೊಳಕ್ಕೆ ಕಳುಹಿಸಿತು. ಅವರ ಕರಾರಿನ ಮುಖ್ಯಾಂಶ ಬಹಳ ದಿಟ್ಟವಾದದ್ದು: ಕಂಪನಿ ಸಂಬಳ ಕೊಡಬೇಕು, ಕಲಾವಿದ ಮಾತ್ರ ಯಾವ ಕೃತಿಯನ್ನೂ ಮಾಡಿಕೊಡುವ ಭರವಸೆ ನೀಡಬೇಕಾಗಿಲ್ಲ, ಅವನು ಅಲ್ಲಿ ಇದ್ದು, ನೋಡಿ, ಪ್ರಶ್ನೆ ಕೇಳುವುದೇ ಕೆಲಸ. ಗಾರ್ತ್ ಎವನ್ಸ್ ಎಂಬ ಶಿಲ್ಪಿ ಬ್ರಿಟಿಷ್ ಸ್ಟೀಲ್ ಸಂಸ್ಥೆಯಲ್ಲಿ ಹೀಗೆ ಕಾಲ ಕಳೆದು, ಬೆಸುಗೆ ಕಲಿಯುವ ಹುಡುಗರು ಅಭ್ಯಾಸಕ್ಕೆಂದು ಮಾಡಿದ ಉಕ್ಕಿನ ತುಂಡುಗಳಲ್ಲಿ ಶಿಲ್ಪವನ್ನು ಕಂಡರು. ಅಮೆರಿಕದಲ್ಲಿ 1966ರಲ್ಲೇ ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ ಸೇರಿ ಎಂಜಿನಿಯರರನ್ನೂ ಕಲಾವಿದರನ್ನೂ ಜೊತೆಗೂಡಿಸುವ ಸಂಘಟನೆ ಆರಂಭಿಸಿದರು. 1970ರ ಒಸಾಕಾ ಜಾಗತಿಕ ಮೇಳದಲ್ಲಿ ಅವರು ಪೆಪ್ಸಿ ಕಂಪನಿಗಾಗಿ ನಿರ್ಮಿಸಿದ ಮಂಟಪವನ್ನು ಫುಜಿಕೊ ನಕಾಯ ಅವರ ಮಂಜು ಸುತ್ತಿಕೊಂಡಿತ್ತು. ಒಳಗೆ ನಿತ್ಯವೂ ಹೊಸ ಹೊಸ ಪ್ರಯೋಗ ನಡೆಯಬೇಕೆಂಬುದು ಕಲಾವಿದರ ಬಯಕೆಯಾಗಿತ್ತು. ಮೇಳ ತೆರೆದ ಸ್ವಲ್ಪ ಕಾಲದಲ್ಲೇ ಖರ್ಚಿನ ವಿಷಯದಲ್ಲಿ ಮನಸ್ತಾಪವಾಗಿ ಕಂಪನಿ ಮಂಟಪವನ್ನು ತಾನೇ ವಹಿಸಿಕೊಂಡಿತು.

ನೀವು ವಿದ್ಯಾರ್ಥಿನಿಯಾದ್ದರಿಂದ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಸಹಯೋಗದ ಕೊನೆಯಲ್ಲಿ ಕಂಪನಿಯ ಸರಕು ಮಾತ್ರ ಬದಲಾಗಿದೆಯೋ, ಕಂಪನಿ ತನ್ನನ್ನು ಕಂಡುಕೊಂಡ ಬಗೆಯೂ ಕೊಂಚ ಬದಲಾಗಿದೆಯೋ ನೋಡಿ.

ಪ್ರಶ್ನೆ: ಕಾರು ಕಂಪನಿಯೊಂದು ಕೊಡುತ್ತಿದ್ದ ಕಲಾ ಪ್ರಶಸ್ತಿ ನಮ್ಮ ಕರ್ನಾಟಕದವರಿಗೆ ಬಂದಿತ್ತು. ಈಗ ಅದರ ಸುದ್ದಿಯೇ ಇಲ್ಲವಲ್ಲ? (ಕುಂದಾಪುರ)

ಉತ್ತರ: ನೀವು ಸ್ಕೋಡಾ ಪ್ರಶಸ್ತಿಯನ್ನು ನೆನೆಯುತ್ತಿದ್ದೀರಿ. ಹತ್ತು ಲಕ್ಷ ರೂಪಾಯಿಗಳ ಆ ಪ್ರಶಸ್ತಿ ಮೊದಲು ಮಿತು ಸೇನ್ ಅವರಿಗೆ, ನಂತರ ಬೆಂಗಳೂರಿನ ನವೀನ್ ಥಾಮಸ್ ಅವರಿಗೆ, ಆಮೇಲೆ ನಿಮ್ಮ ಕಡೆಯವರೇ ಆದ ಎಲ್.ಎನ್. ತಲ್ಲೂರ್ ಅವರಿಗೆ ಸಂದಿತು. ಅಲ್ಲಿಗೆ ನಿಂತಿತು. ದುಬೈಯಲ್ಲಿ 2008ರಿಂದ ನಡೆದ ಅಬ್ರಾಜ್ ಕಲಾ ಪ್ರಶಸ್ತಿ, ಅದೇ ಹೆಸರಿನ ಹೂಡಿಕೆ ಕಂಪನಿ 2018ರಲ್ಲಿ ಕುಸಿದಾಗ ಅದರೊಂದಿಗೇ ಹೋಯಿತು. ಕಂಪನಿಯ ಹೆಸರಿನ ಪ್ರಶಸ್ತಿಗೆ ಕಂಪನಿಯ ಆಯುಷ್ಯ ಮಾತ್ರ, ಕೆಲವೊಮ್ಮೆ ಅದರ ಒಬ್ಬ ಅಧಿಕಾರಿಯ ಆಸಕ್ತಿಯ ಆಯುಷ್ಯ ಮಾತ್ರ ಇರುತ್ತದೆ.

ಇದಕ್ಕಿಂತ ಕೆಟ್ಟದ್ದು ನಡುವೆ ಕೈಹಾಕುವುದು. 2011ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಎಲಿಜೆ ಛಾಯಾಚಿತ್ರ ಸಂಗ್ರಹಾಲಯ ನೀಡುತ್ತಿದ್ದ ಪ್ರಶಸ್ತಿಯ ಅಂತಿಮ ಪಟ್ಟಿಯಿಂದ ಪ್ಯಾಲೆಸ್ಟೀನಿನ ಕಲಾವಿದೆ ಲಾರಿಸಾ ಸನ್ಸೂರ್ ಅವರನ್ನು ತೆಗೆಯಬೇಕೆಂದು ಪ್ರಾಯೋಜಕ ಕಂಪನಿ ಲಕಾಸ್ಟ್ ಒತ್ತಾಯಿಸಿತು. ಸಂಗ್ರಹಾಲಯ ಪ್ರಶಸ್ತಿಯನ್ನೇ 25,000 ಯೂರೋಗಳ ಸಮೇತ ಕೈಬಿಟ್ಟು ಕಂಪನಿಯ ಸಂಬಂಧ ಕಡಿದುಕೊಂಡಿತು. ಹಿಂದೊಮ್ಮೆ ನಾನು ಸದಸ್ಯನಾಗಿದ್ದ ಆಯ್ಕೆ ಸಮಿತಿಯಲ್ಲೂ, ಹಣ ಕೊಟ್ಟವರ ಕಡೆಯಿಂದ ಒಂದು ಚಿತ್ರವನ್ನು ಹಿಂದಿನ ಕೋಣೆಗೆ ಸರಿಸಿದರೆ ಒಳ್ಳೆಯದೆಂಬ ಮೆಲುದನಿಯ ಸೂಚನೆ ಬಂದಿತ್ತು. ಅಂದು ನಾವು ಸರಿಸಿದೆವು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಪ್ರಶ್ನೆ: ನಾನು ಗೋಡೆಚಿತ್ರ ಬರೆಯುವ ಕಲಾವಿದ. ಕಂಪನಿಯೊಂದು ತನ್ನ ಕಟ್ಟಡದ ಹೊರಗೋಡೆಗೆ ನಾಲ್ಕಂತಸ್ತಿನ ಎತ್ತರದ ಚಿತ್ರ ಬರೆಯಲು ಕರೆದಿದೆ. ಎರಡು ಪುಟದ ಕರಾರಿನಲ್ಲಿ ‘ಎಲ್ಲ ಹಕ್ಕುಗಳೂ ಕಂಪನಿಗೆ ಸೇರಿದವು’ ಎಂದಿದೆ. ಹಣ ಒಳ್ಳೆಯದು. ಸಹಿ ಮಾಡಲೇ? (ಹುಬ್ಬಳ್ಳಿ)

ಉತ್ತರ: ಕೆಲಸವನ್ನು ಒಪ್ಪಿಕೊಳ್ಳಿ, ಆ ಸಾಲಿಗೆ ಸಹಿ ಮಾಡಬೇಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂದು ನಮ್ಮ ಊರುಗಳಲ್ಲಿ ಕಂಪನಿ ಮತ್ತು ಕಲಾವಿದ ಮುಖಾಮುಖಿಯಾಗುವುದು ಹೆಚ್ಚಾಗಿ ಗೋಡೆಯ ಮುಂದೆಯೇ. 2014ರಿಂದ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನ ದೆಹಲಿಯ ಲೋಧಿ ಕಾಲೊನಿ ಮೊದಲಾದೆಡೆ ಮಾಡಿದ ಕೆಲಸದಲ್ಲಿ ಏಷ್ಯನ್ ಪೇಂಟ್ಸ್ ಕಂಪನಿ ಜೊತೆಗಿದ್ದದ್ದು ನಿಮಗೆ ತಿಳಿದೇ ಇರುತ್ತದೆ. ಬಣ್ಣದ ಕಂಪನಿಗೆ ಗೋಡೆ ಬೇಕು, ಗೋಡೆಗೆ ಬಣ್ಣ ಬೇಕು; ಇಬ್ಬರ ಸ್ವಾರ್ಥವೂ ಬಯಲಲ್ಲೇ ಇರುವ ಅಂಥ ಸಂಬಂಧದಲ್ಲಿ ನನಗೆ ದೋಷ ಕಾಣುವುದಿಲ್ಲ.

ಕಾನೂನು ಹೇಳುವುದನ್ನು ಮೊದಲು ಕೇಳಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಹಕ್ಕುದಾರ ಅದನ್ನು ಮಾಡಿದವನೇ. ಆದರೆ 17ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಶಿಲ್ಪದ ಹೆಸರು ಆ ವಿನಾಯಿತಿಯಲ್ಲಿ ಇಲ್ಲ, ವರ್ಣಚಿತ್ರದ್ದು ಇದೆ. ಆದ್ದರಿಂದ ಕರಾರಿನಲ್ಲಿ ಹಕ್ಕಿನ ಮಾತೇ ಎತ್ತದೆ ಮೌನವಾಗಿರುವುದು ನಿಮಗೆ ಕ್ಷೇಮವಲ್ಲ. ಚಿತ್ರದ ಹಕ್ಕುಸ್ವಾಮ್ಯ ಕಲಾವಿದನದೇ ಎಂದು ಬರೆಸಿ, ಕಂಪನಿಗೆ ನಿರ್ದಿಷ್ಟ ಬಳಕೆಗೆ ಮಾತ್ರ ಅನುಮತಿ ಕೊಡಿ: ತನ್ನ ವಾರ್ಷಿಕ ವರದಿಯಲ್ಲಿ, ಜಾಲತಾಣದಲ್ಲಿ ನಿಮ್ಮ ಹೆಸರಿನೊಡನೆ ಚಿತ್ರದ ಫೋಟೋ ಹಾಕಬಹುದು, ಕ್ಯಾಲೆಂಡರ್, ಬಟ್ಟೆ, ಜಾಹೀರಾತುಗಳಿಗೆ ಪ್ರತ್ಯೇಕ ಹಣ, ಪ್ರತ್ಯೇಕ ಒಪ್ಪಿಗೆ. ಹಕ್ಕನ್ನು ಬರೆದುಕೊಡಲೇಬೇಕಾಗಿ ಬಂದರೆ ಅವಧಿಯನ್ನೂ ಪ್ರದೇಶವನ್ನೂ ನಮೂದಿಸಿ. ನಮೂದಿಸದಿದ್ದರೆ ಕಾಯ್ದೆಯ 19ನೇ ಸೆಕ್ಷನ್ ಅದನ್ನು ಐದು ವರ್ಷ ಮತ್ತು ಭಾರತದೊಳಗೆ ಎಂದು ಭಾವಿಸುತ್ತದೆ. ಕಂಪನಿಯ ವಕೀಲರಿಗೆ ಇದು ಗೊತ್ತಿರುವುದರಿಂದಲೇ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಪದಗಳು ಕರಾರುಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಹಕ್ಕುಸ್ವಾಮ್ಯ ಕೈಬಿಟ್ಟರೂ ಉಳಿಯುವ ಹಕ್ಕು ಒಂದಿದೆ, ಅದು 57ನೇ ಸೆಕ್ಷನ್ನಿನ ನೈತಿಕ ಹಕ್ಕು. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಮತ್ತು ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು. ದೆಹಲಿಯ ವಿಜ್ಞಾನ ಭವನಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ ರೂಪಿಸಿದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಅವರು ಪಟ್ಟುಬಿಡದೆ ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವಶೇಷಗಳನ್ನು ಅವರಿಗೆ ಹಿಂದಿರುಗಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಸರ್ಕಾರಕ್ಕೆ ಆದೇಶಿಸಿತು. ಈ ತೀರ್ಪು ಪ್ರತಿ ಕಲಾವಿದನಿಗೂ ತಿಳಿದಿರಬೇಕು. ಆದರೆ ಅದನ್ನೇ ನಂಬಿ ಕೂರಬೇಡಿ. ದೆಹಲಿಯ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಿದ್ದನ್ನು ಪ್ರಶ್ನಿಸಿದ ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ಮೊಕದ್ದಮೆಯಲ್ಲಿ, ತನ್ನ ಕಟ್ಟಡವನ್ನು ಪೂರ್ತಿಯಾಗಿ ಕೆಡವುವ ಮಾಲೀಕನನ್ನು ತಡೆಯಲಾಗದು ಎಂದು ಅದೇ ಹೈಕೋರ್ಟ್ 2019ರಲ್ಲಿ ಹೇಳಿತು. ಕೃತಿಯನ್ನು ಪ್ರದರ್ಶಿಸದೇ ಇರುವುದು ಉಲ್ಲಂಘನೆಯಲ್ಲ ಎಂಬ ವಿವರಣೆಯೂ 57ನೇ ಸೆಕ್ಷನ್ನಿನಲ್ಲೇ ಇದೆ. ಹೀಗಾಗಿ ಗೋಡೆಗೆ ಸುಣ್ಣ ಬಳಿಯುವ ದಿನದ ಬಗ್ಗೆ ಕರಾರಿನಲ್ಲೇ ಮಾತಾಗಿರಬೇಕು. ಕನಿಷ್ಠ ಇಷ್ಟು ವರ್ಷ ಚಿತ್ರ ಉಳಿಯುತ್ತದೆ, ಅಳಿಸುವ ಮುನ್ನ 60 ದಿನಗಳ ನೋಟಿಸ್ ಕೊಡಬೇಕು, ಫೋಟೋ ತೆಗೆದುಕೊಳ್ಳಲು ಅವಕಾಶ ಕೊಡಬೇಕು ಎಂದು ಕೇಳಿ.

ಇನ್ನು ಲೋಗೋ. ಚಿತ್ರದೊಳಗೆ ಬೇಡ, ಪಕ್ಕದ ಫಲಕದಲ್ಲಿರಲಿ ಎಂದು ಅಳತೆ ಸಮೇತ ಬರೆಸಿ. ನಿಮ್ಮ ಸಹಿಗೂ ಅಷ್ಟೇ ಸ್ಪಷ್ಟವಾದ ಜಾಗ ಕೇಳಿ. ಕರಡು ನಕ್ಷೆಯನ್ನು ಕಂಪನಿ ಒಪ್ಪಿದ ಮೇಲೆ ಬದಲಾವಣೆ ಕೇಳುವ ಹಕ್ಕು ಎಷ್ಟು ಸಲ, ಯಾವುದಕ್ಕೆ ಎಂಬುದೂ ಇರಲಿ. ಸಾರುವೆ, ಕ್ರೇನು, ಸಹಾಯಕರ ವಿಮೆ ಇವು ನಿಮ್ಮ ಸಂಭಾವನೆಯೊಳಗೆ ಸೇರಿಹೋಗದಂತೆ ನೋಡಿಕೊಳ್ಳಿ. ನಾಲ್ಕಂತಸ್ತಿನ ಎತ್ತರದಲ್ಲಿ ನಿಲ್ಲುವವರು ನೀವು ಮತ್ತು ನಿಮ್ಮ ಹುಡುಗರು. ಕನಿಷ್ಠ ಮೂರನೇ ಒಂದು ಭಾಗ ಹಣ ಮುಂಗಡವಾಗಿ ಬರಬೇಕು. ಇಷ್ಟನ್ನೂ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು, ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ, ಕಂಪನಿಗೆ ಕಳುಹಿಸಿ. ನನ್ನ ಅನುಭವದಲ್ಲಿ ಹೆಚ್ಚಿನ ಕಂಪನಿಗಳು ಅರ್ಧಕ್ಕಿಂತ ಹೆಚ್ಚು ಷರತ್ತುಗಳಿಗೆ ಒಪ್ಪುತ್ತವೆ, ಏಕೆಂದರೆ ಈವರೆಗೆ ಅವುಗಳನ್ನು ಯಾರೂ ಕೇಳಿರುವುದಿಲ್ಲ. ಅವರ ಉತ್ತರ ಲಿಖಿತವಾಗಿ ಬರುವವರೆಗೆ ಬಣ್ಣದ ಡಬ್ಬದ ಮುಚ್ಚಳ ತೆರೆಯಬೇಡಿ.